‘ಎಷ್ಟು ದಿನಕ್ಕೆ’ನಾ, ‘ಎಷ್ಟು ದಿನದಿಂದ’ನಾ?

ಪ್ರಶ್ನೆ: ಮೇಡಂ, ಮಗಳ ಮನೆಗೆ ಅಂತ ಇಂಗ್ಲೆಂಡಿಗೆ ಬಂದಿದ್ದೀನಿ. ಬಂದು ಎರಡು ವಾರ ಆಗಿತ್ತು, ಪಕ್ಕದ ಮನೆಯವರು "ಹೌ ಲಾಂಗ್ ಆರ್ ಯು ಹಿಯರ್ ಫಾರ್?" ಅಂತ ಕೇಳಿದ್ರು, ನಾನು "ಟೂ ವೀಕ್ಸ್" ಅಂದೆ. ಇಷ್ಟು ಬೇಗ ಹೊರಟುಬಿಡ್ತೀರಾ ಅಂತ ಬೇಜಾರು ಮಾಡ್ಕೊಂಡ್ರು, ನಾನಿರೋದು ಐದು ತಿಂಗಳು! "ಹೌ ಲಾಂಗ್ ಹ್ಯಾವ್ ಯು ಬೀನ್ ಹಿಯರ್?" ಅನ್ನೋದೂ ಇದೂ ಒಂದೇ ಅಲ್ವಾ?

ಉತ್ತರ: ಒಂದೇ ಅಲ್ಲಮ್ಮ, ಪೂರ್ತಿ ಬೇರೆ. ಅವರು ಕೇಳಿದ್ದು "ಎಷ್ಟು ದಿನಕ್ಕೆ ಬಂದಿದ್ದೀರಾ" ಅಂತ, ನೀವು ಉತ್ತರ ಕೊಟ್ಟಿದ್ದು "ಎಷ್ಟು ದಿನದಿಂದ ಇದ್ದೀರಾ" ಅನ್ನೋದಕ್ಕೆ. ‘ಆರ್ ಯು ಹಿಯರ್ ಫಾರ್’ ಅಂದ್ರೆ ಒಟ್ಟು ಎಷ್ಟು ದಿನ ಇರೋ ಪ್ಲಾನು ಅಂತ, ಏರ್‌ಪೋರ್ಟಲ್ಲಿ ಇಮಿಗ್ರೇಷನ್‌ನವರು ಕೇಳೋದೂ ಇದನ್ನೇ. ‘ಹ್ಯಾವ್ ಯು ಬೀನ್ ಹಿಯರ್’ ಅಂದ್ರೆ ಬಂದು ಇವತ್ತಿಗೆ ಎಷ್ಟಾಯ್ತು ಅಂತ.

ಇದು ನಮಗೆ ಯಾಕೆ ತಪ್ಪತ್ತೆ ಅಂದ್ರೆ, ಕನ್ನಡದಲ್ಲಿ "ಎರಡು ವಾರಕ್ಕೆ ಬಂದಿದ್ದೀನಿ", "ಎರಡು ವಾರದಿಂದ ಇದ್ದೀನಿ" ಅಂತ ‘ಕ್ಕೆ’ ಮತ್ತೆ ‘ಇಂದ’ನೇ ಎಲ್ಲಾ ಹೇಳಿಬಿಡತ್ತೆ, ಕ್ರಿಯಾಪದದ ಕೊನೆಯ ‘ಇದ್ದೀನಿ’ ಎರಡರಲ್ಲೂ ಹಾಗೇ ಇರತ್ತೆ. ಇಂಗ್ಲಿಷಲ್ಲಿ ಎರಡು ಕಡೆನೂ ಅದೇ ‘ಫಾರ್’ ಬರತ್ತೆ, "ಐ ಆಮ್ ಹಿಯರ್ ಫಾರ್ ಟೂ ವೀಕ್ಸ್", "ಐ ಹ್ಯಾವ್ ಬೀನ್ ಹಿಯರ್ ಫಾರ್ ಟೂ ವೀಕ್ಸ್", ಹಾಗಾಗಿ ಅರ್ಥ ಬೇರೆ ಆಗೋದು ಕ್ರಿಯಾಪದದಿಂದ್ಲೇ. ನಾವು ‘ಹೌ ಲಾಂಗ್’ ಕಿವಿಗೆ ಬಿದ್ದ ತಕ್ಷಣ ಉತ್ತರ ಶುರು ಮಾಡ್ತೀವಿ, ಆಮೇಲೆ ‘ಆರ್’ ಬಂತಾ ‘ಹ್ಯಾವ್’ ಬಂತಾ ಅಂತ ಕೇಳಿಸ್ಕೊಳ್ಳೋದೇ ಇಲ್ಲ.

ಇದೇ ‘ಇಂದ’ದ ಅಭ್ಯಾಸಕ್ಕೇ ನಮ್ಮವರು "ಸಿನ್ಸ್ ಹೌ ಲಾಂಗ್ ಆರ್ ಯು ಹಿಯರ್?" ಅಂತಾನೂ ಕೇಳೋದು. ಸೋಮವಾರದಿಂದ, ಮೂರು ದಿನದಿಂದ, ಎರಡಕ್ಕೂ ನಮಗೆ ಒಂದೇ ‘ಇಂದ’. ಅವರಿಗೆ ‘ಸಿನ್ಸ್ ಮಂಡೇ’, ಆದ್ರೆ ‘ಫಾರ್ ತ್ರೀ ಡೇಸ್’. ಶುರುವಾದ ಹೊತ್ತಿಗೆ ಸಿನ್ಸ್, ಕಳೆದ ಅವಧಿಗೆ ಫಾರ್. ಪ್ರಶ್ನೆ ಕೇಳೋವಾಗ ಬರೀ ‘ಹೌ ಲಾಂಗ್ ಹ್ಯಾವ್ ಯು’ ಅಂದ್ರೆ ಸಾಕು, ಅದಕ್ಕೆ ಮೊದಲು ಸಿನ್ಸ್ ಬೇಡ.

ಕೆಲಸ ಹುಡುಕೋ ಮಕ್ಕಳು ಮನೇಲಿದ್ರೆ ಇದನ್ನ ಖಂಡಿತ ಹೇಳಿಕೊಡಿ: "ಹೌ ಲಾಂಗ್ ಡಿಡ್ ಯು ವರ್ಕ್ ದೇರ್?" ಅಂದ್ರೆ ಆ ಕೆಲಸ ಬಿಟ್ಟಾಯ್ತು ಅಂತ ಅಂದ್ಕೊಂಡು ಕೇಳ್ತಿದ್ದಾರೆ, "ಹೌ ಲಾಂಗ್ ಹ್ಯಾವ್ ಯು ವರ್ಕ್ಡ್ ದೇರ್?" ಅಂದ್ರೆ ಇನ್ನೂ ಅಲ್ಲೇ ಇದ್ದೀರಿ ಅಂತ. ಇನ್ನೂ ಅಲ್ಲೇ ಇರೋರು "ಐ ವರ್ಕ್ಡ್ ದೇರ್ ಫಾರ್ ತ್ರೀ ಇಯರ್ಸ್" ಅಂದ್ರೆ ರಾಜೀನಾಮೆ ಕೊಟ್ಟಾಗಿದೆ ಅಂತಾನೇ ಅರ್ಥ ಆಗತ್ತೆ, ಅದಕ್ಕೆ ನನಗೆ ಈ ಡಿಡ್–ಹ್ಯಾವ್ ವ್ಯತ್ಯಾಸ ಉಚ್ಚಾರಣೆಗಿಂತ ಎಷ್ಟೋ ಮುಖ್ಯ ಅನ್ಸತ್ತೆ.

ಪಕ್ಕದ ಮನೆಯವರು ಮತ್ತೆ ಸಿಕ್ಕಾಗ ಲೆಕ್ಕದ ಗೊಂದಲನೇ ಬೇಡ, ವಾಪಸ್ ಹೋಗೋ ತಿಂಗಳ ಹೆಸರೇ ಹೇಳಿಬಿಡಿ, "ಐ ಆಮ್ ಹಿಯರ್ ಟಿಲ್ ಅಕ್ಟೋಬರ್" ಅನ್ನೋ ಥರ. ‘ಟಿಲ್’ ಅಂದ್ಮೇಲೆ ಇನ್ನೊಂದು ಅರ್ಥ ಬರೋಕೆ ಜಾಗನೇ ಇಲ್ಲ.