ಚೆಕ್ ಡ್ಯಾಮ್ ಬೇಗ ಒಣಗುತ್ತಿದೆಯಾ? ಮೊದಲು ಬಾವಿ ನೋಡಿ

ಹಳ್ಳಕ್ಕೆ ಕಟ್ಟಿದ ಚೆಕ್ ಡ್ಯಾಮ್ ಮಳೆಗಾಲ ಮುಗಿದ ಎರಡೇ ತಿಂಗಳಿಗೆ ಒಣಗುತ್ತಿದೆ, ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಲಾ, ಗೋಡೆ ಎತ್ತರಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಸದ್ಯಕ್ಕೆ ಎರಡೂ ಬೇಡ. ನೀರನ್ನು ನೆಲಕ್ಕೆ ಇಂಗಿಸಿ ಬಾವಿ ತುಂಬಿಸುವ ತನ್ನ ಕೆಲಸವನ್ನು ನಿಮ್ಮ ಕಟ್ಟೆ ಬಹುಶಃ ಮಾಡುತ್ತಲೇ ಇದೆ.

ನಾವು ಕಟ್ಟೆ ಕಟ್ಟಿದ ಮೊದಲ ವರ್ಷ ನನಗೂ ಇದೇ ಸಂಕಟ. ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ. ನೀರು ಇಳಿದು ತಳದ ಕೆಸರು ಬಿರುಕು ಬಿಟ್ಟಾಗ, ಅಷ್ಟು ಜನರ ಬೆವರು ದಂಡವಾಯಿತಲ್ಲ ಅಂತ ಅಳು ಬಂದಿತ್ತು. ಹಿರಿಯರೊಬ್ಬರು, "ಇಲ್ಲಿ ಏನು ನೋಡ್ತೀಯ, ಕೆಳಗಿನ ಬಾವಿಗೆ ಹಗ್ಗ ಬಿಡು" ಅಂದರು. ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ ಬಿಟ್ಟೆ. ಬೇರೆ ವರ್ಷ ಆ ಹೊತ್ತಿಗೆ ತಳ ಕಾಣುತ್ತಿದ್ದ ಬಾವಿ ಅದು. ನಾಲ್ಕು ಗಂಟು ಒದ್ದೆಯಾಗಿ ಮೇಲೆ ಬಂದವು. ಆ ವರ್ಷ ಮಳೆ ಏನೂ ಜಾಸ್ತಿ ಇರಲಿಲ್ಲ.

ನೀವೂ ಪರೀಕ್ಷೆ ಮಾಡಿ. ಮಳೆ ನಿಂತು, ಹಳ್ಳದ ಹರಿವೂ ನಿಂತ ಮೇಲೆ ಕಟ್ಟೆಯಲ್ಲಿ ಅಳತೆ ಕಡ್ಡಿ ನೆಡಿ. ಒಣ ಹವೆಯಲ್ಲಿ ಆವಿಯಾಗುವುದು ದಿನಕ್ಕೆ ಸುಮಾರು 5ರಿಂದ 10 ಮಿಲಿಮೀಟರ್. ಯಾರೂ ಪಂಪ್ ಇಡದೆಯೂ ಮಟ್ಟ ಅದಕ್ಕಿಂತ ಜಾಸ್ತಿ ಇಳಿದರೆ, ಮಿಕ್ಕಿದ್ದು ಇಂಗುತ್ತಿದೆ ಅಥವಾ ಸೋರುತ್ತಿದೆ. ಗೋಡೆಯ ಬುಡ ಸುತ್ತ ನೋಡಿ. ಅಲ್ಲಿ ಕೆಂಪಗೆ, ಮಣ್ಣು ಹೊತ್ತ ನೀರು ಜಿನುಗುತ್ತಿದ್ದರೆ ಅಡಿಪಾಯ ಕೊರೆಯುತ್ತಿದೆ ಅಂತ ಅರ್ಥ, ತಕ್ಷಣ ರಿಪೇರಿ ಬೇಕು. ಬರೀ ಆವಿಯಾಗುವಷ್ಟೇ ಇಳಿಯುತ್ತಿದ್ದರೆ ನನಗೆ ಚಿಂತೆ: ಹೂಳು ತಳವನ್ನು ಮುಚ್ಚಿಬಿಟ್ಟಿರಬಹುದು. ತೆಗೆದು ಹೊಲಕ್ಕೆ ಹರಡಿ, ಒಳ್ಳೆ ಮಣ್ಣು ಅದು.

ತೆರೆದ ನೀರನ್ನು ಬಿಸಿಲು ಬಿಡುವುದಿಲ್ಲ, ನೆಲದೊಳಗೆ ಇಳಿದದ್ದಕ್ಕೆ ಅದರ ಕಾಟ ತುಂಬಾ ಕಡಿಮೆ. ಕೀನ್ಯಾದ ಕಿಟುಯಿ, ಮಚಾಕೋಸ್ ಕಡೆ ಕಟ್ಟೆಯ ಹಿಂದೆ ಮರಳು ತುಂಬಲಿ ಅಂತಲೇ ಗೋಡೆ ಕಟ್ಟುತ್ತಾರೆ. ಮರಳಿನ ಸಂದುಗಳಲ್ಲಿ ನೀರು ಉಳಿಯುತ್ತೆ, ಬೇಸಿಗೆಯಲ್ಲಿ ಮರಳು ತೋಡಿದರೆ ಒರತೆ. ರಾಜಸ್ಥಾನದ ಅಲ್ವರ್‌ನಲ್ಲಿ 1985ರಿಂದ ಊರವರೇ ಜೋಹಡ್ ಎಂಬ ಮಣ್ಣಿನ ಕಟ್ಟೆಗಳನ್ನು ಸಾಲಾಗಿ ಕಟ್ಟುತ್ತಾ ಬಂದರು. ಬಾವಿಗಳು ತುಂಬಿದವು, ಬತ್ತಿದ್ದ ಅರ್ವರಿ ನದಿ ಮತ್ತೆ ಹರಿಯಿತು. ಒಂದು ದೊಡ್ಡ ಕಟ್ಟೆಯಿಂದ ಆದದ್ದಲ್ಲ ಅದು.

ಹಾಳೆ ಹಾಸುವುದು ಸ್ವಂತ ಹೊಲದ ಕೃಷಿ ಹೊಂಡಕ್ಕೆ ಸರಿ. ಊರಿನ ಕಟ್ಟೆಗೆ ಹಾಸಿದರೆ ಕೆಳಗಿನ ಬಾವಿಗಳಿಗೆ ಬೀಗ ಹಾಕಿದ ಹಾಗೆ.

ಎತ್ತರಿಸುವ ಮಾತು ಬಂದರೆ ಮೊದಲು ಕೋಡಿ, ಅಂದರೆ ಹೆಚ್ಚಾದ ನೀರು ಹೊರಗೆ ಹೋಗುವ ದಾರಿ ನೋಡಿ. 50 ಮಿಲಿಮೀಟರ್ ಮಳೆ ಅಂದರೆ ಒಂದು ಹೆಕ್ಟೇರ್ ಮೇಲೆ 5 ಲಕ್ಷ ಲೀಟರ್ ನೀರು. ಮೇಲೆ ನೂರಾರು ಹೆಕ್ಟೇರ್ ಇಳಿಜಾರಿದ್ದರೆ ಅದರಲ್ಲಿ ಒಂದು ಪಾಲು ನುಗ್ಗಿದರೂ ಸಾಕು. ಕೋಡಿ ಸಾಲದೆ ನೀರು ಗೋಡೆಯ ಪಕ್ಕದ ದಂಡೆ ಕೊರೆದು ಹೋಗಿದ್ದನ್ನು ನಾನೇ ಕಂಡಿದ್ದೇನೆ. ಗೋಡೆ ಗಟ್ಟಿಯಾಗಿ ನಿಂತಿತ್ತು, ಹಳ್ಳ ಅದನ್ನು ಬಳಸಿಕೊಂಡು ಹರಿಯುತ್ತಿತ್ತು. ಎತ್ತರಿಸಲು ಹಾಕುವ ದುಡ್ಡಲ್ಲಿ ಮೇಲಿನ ಇಳಿಜಾರಿಗೆ ಬದು, ಕಲ್ಲೊಡ್ಡು ಹಾಕಿಸಿ. ನೀರಿನ ರಭಸ ಅಲ್ಲೇ ಮುರಿಯುತ್ತೆ, ಹೂಳೂ ಕಡಿಮೆ ಬರುತ್ತೆ.

ಇನ್ನೊಂದು ವಿಷಯ. ಬಾವಿಯಲ್ಲಿ ನೀರು ಬಂತು ಅಂತ ಎಲ್ಲರೂ ಹೊಸ ಬೋರ್ ಕೊರೆಸಿದರೆ ಇಂಗಿದ್ದೆಲ್ಲ ಒಂದೇ ಬೇಸಿಗೆಗೆ ಮುಗಿಯುತ್ತೆ. ಊರವರು ಕೂತು ಈಗಲೇ ಮಾತಾಡಿಕೊಳ್ಳಿ.

ಈ ವಾರವೇ ಕಟ್ಟೆಯ ಕೆಳಗಿನ ಎರಡು ಬಾವಿ, ಹೋಲಿಸಿ ನೋಡೋಕೆ ಕಟ್ಟೆಯಿಂದ ದೂರದ ಒಂದು ಬಾವಿ ಅಳೆದು ಬರೆದಿಡಿ. ಆಮೇಲೆ ತಿಂಗಳಿಗೊಮ್ಮೆ ಅಳೆಯಿರಿ. ಆ ಅಂಕಿ ಇಲ್ಲಿ ಹಾಕಿದರೆ ಕೂತು ನೋಡೋಣ.