ಸಿಗಡಿ ಟ್ಯಾಂಕಿನ ತಳಕ್ಕೆ ಏನ್ ಹಾಕೋದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎರಡಡಿ ಉದ್ದ ಒಂದಡಿ ಅಗಲದ ಟ್ಯಾಂಕ್ ಇದೆ, ಕೆಂಪು ಚೆರ್ರಿ ಶ್ರಿಂಪ್ 20 ತಂದು ಬಿಡೋಣ ಅಂತಿದೀನಿ. ಅಂಗಡೀಲಿ ಆಕ್ಟಿವ್ ಸಾಯಿಲ್ 9 ಲೀಟರ್ ಚೀಲ ತಗೊಳ್ಳಿ, ಅದಿಲ್ದೆ ಶ್ರಿಂಪ್ ಉಳಿಯಲ್ಲ ಅಂದ್ರು. ಮನೆಗೆ ಬರೋದು ಬೋರ್ ನೀರು, ಗೀಸರ್ ಕಾಯಿಲ್ ಮೇಲೆ ವರ್ಷಕ್ಕೊಂದ್ಸಲ ಬಿಳಿ ಚಿಪ್ಪು ಕಟ್ಟುತ್ತೆ. ಏನ್ ಮಾಡ್ಲಿ?
– ಬೆಂಗಳೂರಿನ ಓದುಗರು

ಉತ್ತರ: ಚೀಲ ಇನ್ನೂ ತಂದಿಲ್ಲ ಅಂದ್ರೆ ದಯವಿಟ್ಟು ತರಬೇಡಿ. ನಿಮ್ಮ ಗೀಸರ್ ಕಾಯಿಲ್ ಆಗ್ಲೇ ಉತ್ತರ ಹೇಳ್ಬಿಟ್ಟಿದೆ, ನೀರಲ್ಲಿ ಸುಣ್ಣದಂಶ ಜಾಸ್ತಿ ಇದೆ, ಗಡಸು ನೀರು.

ಆಕ್ಟಿವ್ ಸಾಯಿಲ್ ಅಂದ್ರೆ ಸುಟ್ಟು ಗುಂಡಗೆ ಮಾಡಿರೋ ಜೇಡಿಮಣ್ಣಿನ ಕಾಳು. ಅದು ನೀರಲ್ಲಿರೋ ಕಾರ್ಬೊನೇಟನ್ನ ತಿಂದು ಪಿಎಚ್‌ನ (ನೀರಿನ ಹುಳಿ ಅಳೆಯೋ ಅಂಕಿ, 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) 6ರ ಆಸುಪಾಸಿಗೆ ಇಳಿಸಿ ಅಲ್ಲೇ ಹಿಡಿದಿಡುತ್ತೆ. ಇದು ಬೇಕಾಗೋದು ಕ್ರಿಸ್ಟಲ್ ರೆಡ್ ತರದ ಕ್ಯಾರಿಡಿನಾ ಜಾತಿಗೆ, ಜಪಾನಿನಲ್ಲಿ 1990ರ ದಶಕದಲ್ಲಿ ಹಿಸಯಾಸು ಸುಝುಕಿ ಅನ್ನೋರು ಆರಿಸಿ ಆರಿಸಿ ಬೆಳೆಸಿದ್ರಲ್ಲ ಆ ಕೆಂಪು ಬಿಳಿ ಪಟ್ಟೆ ಸಿಗಡಿ, ಅದಕ್ಕೆ ಮೆದು ನೀರು, ಹುಳಿ ಕಡೆಗಿರೋ ನೀರೇ ಆಗ್ಬೇಕು. ನೀವು ತರೋ ಚೆರ್ರಿ ನಿಯೊಕ್ಯಾರಿಡಿನಾ, ಅದರ ಸ್ವಭಾವವೇ ಬೇರೆ. ಪಿಎಚ್ 7ರಿಂದ 7.8, ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಅನ್ನೋ ಗಡಸುತನದ ಅಳತೆ) 6ರಿಂದ 10, ಕೆಎಚ್ (ಕಾರ್ಬೊನೇಟಿನ ಅಳತೆ) ಒಂದ್ 3-4 ಇದ್ರೆ ಅದು ಆರಾಮಾಗಿ ಮರಿ ಹಾಕ್ಕೊಂಡಿರುತ್ತೆ.

ಇನ್ನೊಂದು ವಿಷ್ಯ ಅಂಗಡೀಲಿ ಯಾರೂ ಹೇಳಲ್ಲ. ಸಾಯಿಲ್‌ಗೆ ಇರೋ ಶಕ್ತಿ ಇಷ್ಟೇ ಅಂತ ಇರುತ್ತೆ, ತಿಂದು ಮುಗೀತು ಅಂದ್ರೆ ಮುಗೀತು. ಆರ್‌ಓ (ಲವಣಗಳನ್ನ ಸೋಸಿ ತೆಗೆದ) ನೀರು ಹಾಕೋರ ಹತ್ರ ಅದು ಒಂದು, ಒಂದೂವರೆ ವರ್ಷ ಬಾಳುತ್ತೆ, ಬೋರ್ ನೀರು ಹಾಕಿದ್ರೆ ಕೆಲವೇ ತಿಂಗಳಲ್ಲಿ ಕೈ ಚೆಲ್ಲುತ್ತೆ, ಅಷ್ಟರೊಳಗೆ ನೀವು ಪ್ರತಿ ಸಲ ನೀರು ಬದಲಾಯಿಸಿದಾಗ್ಲೂ ಪಿಎಚ್ ಮೇಲಕ್ಕೆ ಹಾರೋದು ಮಾರನೇ ದಿನ ಕೆಳಗಿಳಿಯೋದು ನಡೀತಾನೇ ಇರುತ್ತೆ. ಪೊರೆ ಬಿಡೋ ಹೊತ್ತಲ್ಲಿ ಸಿಗಡಿಗೆ ಈ ಏರಿಳಿತ ತಡ್ಕೊಳೋಕಾಗಲ್ಲ. ನಾನು ಮೊದಲ ಟ್ಯಾಂಕಲ್ಲಿ ಇದೇ ತಪ್ಪು ಮಾಡಿ ಒಂದೊಂದಾಗಿ 11 ಸಿಗಡಿ ಕಳ್ಕೊಂಡೆ, ಕತ್ತಿನ ಹತ್ರ ಪೊರೆ ಸುತ್ತಲೂ ಬಿರಿದು ಬಿಳಿ ಉಂಗುರ ಬಂದಿರುತ್ತೆ, ಒಳಗಿನ ಜೀವಕ್ಕೆ ಆಚೆ ಬರೋಕಾಗಿರಲ್ಲ. ಅದನ್ನ ನೋಡಿದ್ಮೇಲೆ ಕೇಳಿದವರಿಗೆಲ್ಲ ಮೊದಲು ನೀರು ಟೆಸ್ಟ್ ಮಾಡಿ, ಮಣ್ಣು ಆಮೇಲೆ ಅಂತಾನೇ ಹೇಳೋದು.

ನಿಮಗೆ ಬೇಕಿರೋದು ನೀರಿನ ತಂಟೆಗೆ ಹೋಗದ ಕಲ್ಲು. 1ರಿಂದ 2 ಮಿ.ಮೀ. ಕಾಳಿನ ಕಪ್ಪು ಅಥವಾ ಗಾಢ ಕಂದು ಬಣ್ಣದ ಸ್ಫಟಿಕ ಮರಳು, ಇಲ್ಲಾ ಕಪ್ಪು ಬಸಾಲ್ಟ್ ಪುಡಿಜಲ್ಲಿ. ಕಪ್ಪೇ ಯಾಕೆ ಅಂದ್ರೆ ಚೆರ್ರಿ ಸಿಗಡಿ ತಳದ ಬಣ್ಣ ನೋಡಿ ಮೈಬಣ್ಣ ಹೊಂದಿಸ್ಕೊಳ್ಳುತ್ತೆ, ಬಿಳಿ ಮರಳಿನ ಮೇಲೆ ಬಿಟ್ರೆ ಒಳ್ಳೆ ಕೆಂಪಿನ ಸಿಗಡೀನೂ ವಾರದಲ್ಲಿ ಪೇಲವ ಆಗುತ್ತೆ. ಬಣ್ಣ ಬಳಿದ ನೀಲಿ, ಗುಲಾಬಿ ಜಲ್ಲಿ ಬೇಡವೇ ಬೇಡ, ಕೋಟಿಂಗ್ ಕಿತ್ತು ಬಂದ್ರೆ ನೀರಿಗೆ ಏನೇನ್ ಸೇರುತ್ತೋ. ಎರಡೂವರೆ ಸೆಂ.ಮೀ. ದಪ್ಪ ಸಾಕು, ನಿಮ್ಮ ಅಳತೆಗೆ ನಾಲ್ಕೂವರೆ ಲೀಟರ್, ತೂಕದಲ್ಲಿ 7 ಕೆ.ಜಿ. ಹತ್ತಿರ.

ತಂದ ಮೇಲೆ ಒಂದು ಪರೀಕ್ಷೆ ಮಾಡಿ. ಒಂದು ಹಿಡಿ ಮರಳು ಒಣಗಿಸಿ ಬಟ್ಟಲಿಗೆ ಹಾಕಿ ಮೇಲೆ ವಿನೆಗರ್ ಸುರೀರಿ, ಕಿವಿ ಹತ್ರ ಇಟ್ಕೊಂಡು ಕೇಳಿ. ಸೋಡಾ ಬಾಟ್ಲಿ ತೆಗೆದಂಗೆ ಚುರುಚುರು ಅಂದು ಗುಳ್ಳೆ ಎದ್ರೆ ಅದರಲ್ಲಿ ಸುಣ್ಣದಕಲ್ಲೋ ಚಿಪ್ಪಿನ ಚೂರೋ ಇದೆ, ನಿಮ್ಮ ಗಡಸು ನೀರನ್ನ ಇನ್ನೂ ಗಡಸು ಮಾಡುತ್ತೆ, ವಾಪಸ್ ಕೊಡಿ. ಸುಮ್ನಿದ್ರೆ ಬಳಸ್ಬಹುದು. ಹಾಗೇ ಒಂದು ಜಿಎಚ್ ಕಿಟ್ ತಗೊಳ್ಳಿ, ಬೋರ್ ನೀರು 14-15 ದಾಟಿದ್ರೆ ಅಡುಗೆಮನೆ ಆರ್‌ಓ ನೀರನ್ನ ಅರ್ಧಕ್ಕರ್ಧ ಬೆರೆಸಿ. ಸಾಯಿಲ್ ಚೀಲದಲ್ಲಿ ಉಳಿಯೋ ದುಡ್ಡಲ್ಲಿ ಕಿಟ್ಟೂ ಬರುತ್ತೆ, ಸ್ಪಾಂಜ್ ಫಿಲ್ಟರೂ ಬರುತ್ತೆ.

ಪ್ರಶ್ನೆ: ನಮ್ಮದು ಬಾವಿ ನೀರು, ಟೆಸ್ಟ್ ಮಾಡಿದ್ರೆ ಪಿಎಚ್ 6, ಜಿಎಚ್ 2 ಬಂತು. ಮರಳು ಹಾಕಿದ ಟ್ಯಾಂಕಲ್ಲಿ ಚೆರ್ರಿ ಸಿಗಡಿ ಮೊಟ್ಟೆ ಕಟ್ಟುತ್ತೆ, ಆದ್ರೆ ದೊಡ್ಡವು ಪೊರೆ ಬಿಡುವಾಗ ಸಾಯ್ತಿವೆ. ಮರಳೇ ಸರಿ ಇಲ್ವಾ?
– ಪುತ್ತೂರು ಕಡೆಯ ಓದುಗರು

ಉತ್ತರ: ಮರಳಿನ ತಪ್ಪೇನಿಲ್ಲ, ನಿಮ್ಮ ಕಷ್ಟ ಬೆಂಗಳೂರಿನವರ ಕಷ್ಟಕ್ಕೆ ಪೂರಾ ಉಲ್ಟಾ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಬಾವಿ ನೀರು ಮೆದು, ಸ್ವಲ್ಪ ಹುಳಿ. ಚಿಪ್ಪು ಗಟ್ಟಿಯಾಗೋಕೆ ಬೇಕಾದ ಕ್ಯಾಲ್ಸಿಯಂ ಅದರಲ್ಲಿ ಇಲ್ಲ. ಮರಳು ಹಾಗೇ ಇರ್ಲಿ, ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ನಿಮ್ಮಲ್ಲಿ ಬೇಕಾದಷ್ಟು ಸಿಗುತ್ತಲ್ಲ, ಚೆನ್ನಾಗಿ ಉಜ್ಜಿ ಕುದಿಸಿ ಒಣಗಿಸಿ ಒರಟಾಗಿ ಕುಟ್ಟಿ ಒಂದು ಹಿಡಿ ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರ್ ಹತ್ರ ನೀರು ಹರಿಯೋ ಜಾಗದಲ್ಲಿಡಿ. ಹುಳಿ ನೀರು ಅದನ್ನ ನಿಧಾನಕ್ಕೆ ಕರಗಿಸ್ಕೊಳ್ಳುತ್ತೆ. ಎರಡು ಮೂರು ವಾರ ಜಿಎಚ್ ಅಳೀತಾ ಇರಿ, 6-7ಕ್ಕೆ ಬಂದ್ಮೇಲೆ ಚಿಪ್ಪು ಅರ್ಧ ತೆಗೀರಿ. ಎಲೆಯಡಿಕೆಗೆ ಹಾಕೋ ಸುಣ್ಣ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ, ಅದೂ ಚಿಪ್ಪಿಂದಲೇ ಬಂದಿದ್ರೂ ಬೆಂದ ಸುಣ್ಣ ನೀರಿನ ಪಿಎಚ್‌ನ ಒಂದೇ ಏಟಿಗೆ ಮೇಲಕ್ಕೆತ್ತಿ ಟ್ಯಾಂಕನ್ನೇ ಮುಗಿಸಿಬಿಡುತ್ತೆ.

ಹೇಳ್ಬೇಕು ಅಂದ್ರೆ ಕ್ರಿಸ್ಟಲ್ ರೆಡ್ ಸಾಕೋಕೆ ನಿಮ್ಮ ನೀರು ಬಹಳ ಹತ್ತಿರದ ನೀರು. ಉಳಿದವರು ಆರ್‌ಓಗೆ ಖರ್ಚು ಮಾಡಿ ಪಡೆಯೋದು ನಿಮಗೆ ಬಾವೀಲೇ ಇದೆ, ಮುಂದೆ ಯಾವತ್ತಾದ್ರೂ ಮನಸ್ಸು ಬಂದ್ರೆ ಸಾಯಿಲ್ ಆಗ ತಗೊಳ್ಳಿ. ತಗೊಂಡ್ರೆ ಒಂದ್ ತಿಂಗಳು ಖಾಲಿ ಟ್ಯಾಂಕಲ್ಲಿ ಫಿಲ್ಟರ್ ಓಡಲಿ, ಹೊಸ ಸಾಯಿಲ್ ಸಿಗಡಿಗೆ ವಿಷವಾದ ಅಮೋನಿಯಾ ಬಿಡುತ್ತೆ, ಅಮೋನಿಯಾ, ಅದರಿಂದ ಹುಟ್ಟೋ ನೈಟ್ರೈಟ್ ಎರಡೂ ಸೊನ್ನೆ ಬಂದ್ಮೇಲೆ ಸಿಗಡಿ ಬಿಡಿ.

ಪ್ರಶ್ನೆ: ಮನೆ ಕಟ್ಟೋಕೆ ತಂದ ಎಂ-ಸ್ಯಾಂಡ್ ಮಿಕ್ಕಿದೆ, ಟ್ಯಾಂಕಿಗೆ ಹಾಕಬಹುದಾ?
– ಹಾಸನದ ಓದುಗರು

ಉತ್ತರ: ಹಾಕಬಹುದು, ಕೆಲಸ ಜಾಸ್ತಿ. ಅದು ಒಡೆದ ಕಲ್ಲು, ಧೂಳು ತುಂಬ. ಜರಡಿ ಹಿಡಿದು ಪುಡಿ ಬಿಟ್ಟು ಕಾಳು ಮಾತ್ರ ತಗೊಂಡು ನೀರು ತಿಳಿ ಆಗೋವರೆಗೂ ತೊಳೀರಿ, ಹದಿನೈದು ಇಪ್ಪತ್ತು ಸಲ ಆದ್ರೂ ಆಗುತ್ತೆ. ಸಿಮೆಂಟ್ ಬಿದ್ದಿರೋ ರಾಶಿಯಿಂದ ತಗೋಬೇಡಿ, ವಿನೆಗರ್ ಪರೀಕ್ಷೆ ಇದಕ್ಕೂ ಮಾಡಿ. ಮೀನಿಗಿಂತ ಸಿಗಡಿಗೆ ಕಾಳಿನ ಚೂಪು ಅಷ್ಟು ತೊಂದ್ರೆ ಕೊಡಲ್ಲ. ಸಂಜೆ ಕೂತು ನೋಡಿ, ಮುಂಗಾಲಿನ ಪುಟ್ಟ ಚಿಮಟದಲ್ಲಿ ಒಂದು ಕಾಳು ಎತ್ಕೊಂಡು ಬಾಯ ಹತ್ರ ತಿರುಗಿಸಿ ತಿರುಗಿಸಿ ಮೇಲಿನ ಪಾಚಿ ಕೆರೆದು ತಿಂದು ಕೆಳಗಿಟ್ಟು ಪಕ್ಕದ ಕಾಳಿಗೆ ಹೋಗುತ್ತೆ. ಅದಕ್ಕೇ ತಳ ಅನ್ನೋದು ಸಿಗಡಿಗೆ ನೆಲವೂ ಹೌದು, ತಟ್ಟೆಯೂ ಹೌದು.

ಪ್ರಶ್ನೆ: ತಳ ಎಷ್ಟು ದಿನಕ್ಕೊಂದ್ಸಲ ಕ್ಲೀನ್ ಮಾಡ್ಬೇಕು?
– ಶಿವಮೊಗ್ಗದ ಓದುಗರು

ಉತ್ತರ: ಪೂರ್ತಿ ಕೆದಕೋದು ಬೇಡ, ಆ ಪಾಚಿ ಪದರವೇ ಮರಿಗಳ ಊಟ. ಎರಡು ವಾರಕ್ಕೊಮ್ಮೆ ಮೇಲ್ಗಡೆ ಕೂತ ಕಸ ಮಾತ್ರ ಸಣ್ಣ ಏರ್ ಪೈಪಲ್ಲಿ ಎಳೀರಿ, ಪೈಪಿನ ಬಾಯಿಗೆ ಕಾಲ್ಚೀಲದ ಬಟ್ಟೆ ಕಟ್ಟಿ. ಹುಟ್ಟಿದ ಮರಿ ಬರೀ 2 ಮಿ.ಮೀ., ಗಾಜಿನಂಗಿದ್ದು ಕಣ್ಣಿಗೆ ಕಾಣ್ಸೋದೇ ಇಲ್ಲ. ತೆಗೆದ ನೀರನ್ನ ಬಿಳಿ ಬಕೆಟಲ್ಲಿ ಅರ್ಧ ಗಂಟೆ ಬಿಟ್ಟು ಟಾರ್ಚ್ ಹಾಕಿ ನೋಡಿ, ಆಮೇಲೆ ಗಿಡಕ್ಕೆ ಹಾಕಿ.