ಕೋಳಿಯ ಹಿಕ್ಕೆಯನ್ನು ಹಸಿಯಾಗಿಯೇ ತರಕಾರಿ ಪಾತಿಗೆ ಹಾಕಬಹುದೇ?

ಹಾಕದಿರುವುದೇ ಒಳ್ಳೆಯದು. ಕೋಳಿಯ ಹಿಕ್ಕೆಯಲ್ಲಿ ಸಾರಜನಕವು ದನದ ಸಗಣಿಯಲ್ಲಿರುವುದಕ್ಕಿಂತ ಬಹಳ ಹೆಚ್ಚು; ಅದರ ದೊಡ್ಡ ಪಾಲು ಯೂರಿಕ್ ಆಮ್ಲದ ರೂಪದಲ್ಲಿರುತ್ತದೆ, ಹಿಕ್ಕೆಯ ಮೇಲೆ ಬೆಳ್ಳಗೆ ಕಾಣುವುದು ಅದೇ. ತೇವ ತಗುಲಿದಾಗ ಸೂಕ್ಷ್ಮಜೀವಿಗಳು ಇದನ್ನು ಅಮೋನಿಯಾ ಆಗಿ ಮಾರ್ಪಡಿಸುವುದರಿಂದ ಎಳೆಯ ಬೇರುಗಳು ಸುಟ್ಟು, ಎಲೆಯಂಚು ಕಂದುಬಣ್ಣಕ್ಕೆ ತಿರುಗಿ ಸಸಿ ಬಾಡುತ್ತದೆ. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಹಸಿ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂತಹ ರೋಗಾಣುಗಳಿರಬಹುದು. ಮೂಲಂಗಿ, ಕ್ಯಾರೆಟ್ ಮೊದಲಾದ ಹಸಿಯಾಗಿ ತಿನ್ನುವ ಬೆಳೆಗಳಿಗಂತೂ ಇದು ಸಲ್ಲದು.

ಹಿಕ್ಕೆಯನ್ನು ಅದರ ಎರಡು ಮೂರು ಪಟ್ಟು ಒಣ ಎಲೆ, ಒಣಹುಲ್ಲು ಅಥವಾ ಮರದ ಹೊಟ್ಟಿನೊಂದಿಗೆ ಬೆರೆಸಿ, ಸುಮಾರು 1 ಮೀಟರ್ ಎತ್ತರಕ್ಕೆ ರಾಶಿ ಹಾಕಿ, ಹಿಂಡಿದ ಸ್ಪಂಜಿನಷ್ಟು ತೇವವನ್ನು ಕಾಯ್ದುಕೊಳ್ಳಬೇಕು. ರಾಶಿಯ ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್ ದಾಟಿ ಹಲವು ದಿನ ಉಳಿದು, ಅಂಚಿನ ಭಾಗವೂ ಒಳಗೆ ಸೇರುವಂತೆ ನಾಲ್ಕೈದು ಬಾರಿ ಮಗುಚಿದರೆ ರೋಗಾಣುಗಳು ಬಹುಮಟ್ಟಿಗೆ ಸಾಯುತ್ತವೆ. ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬಂದರೆ ಒಣ ವಸ್ತು ಸಾಲದಾಗಿದೆ ಎಂದರ್ಥ (ಈ ಒಂದು ವಿಷಯದಲ್ಲಿ ಮೂಗು ಯಾವ ಉಪಕರಣಕ್ಕೂ ಕಡಿಮೆಯಲ್ಲ). ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಕಪ್ಪಾಗಿ, ಪುಡಿಪುಡಿಯಾಗಿ ಮಣ್ಣಿನ ವಾಸನೆಗೆ ತಿರುಗುತ್ತದೆ; ಆಗ ಅದನ್ನು ನಾಟಿಗೆ ಮುನ್ನ ಪಾತಿಯ ಮಣ್ಣಿನಲ್ಲಿ ಬೆರೆಸಬಹುದು.